ಬ್ಲೂ ಗ್ಯಾಂಡರ್ ಕ್ಲಬ್ಬಿನ ಗೋಡೆ

“ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ನಾಲಿಗೆ ಬಿದ್ದೋಗ್ಲಿ ಕಣಮ್ಮಾ,” ಎಂದು ಲೂಷಿಯಸ್ ಟಾಲಿವರ್ ಎದ್ದ, ಕೂತ, ಮತ್ತೆ ಎದ್ದ. ಹಾರ್ಲೆಮ್‌ನ ಬ್ಲೂ ಗ್ಯಾಂಡರ್ ಜಾಝ್ ಕ್ಲಬ್ಬಿಗೆ ಬಂದವರ ಟೋಪಿ, ಕೋಟುಗಳನ್ನು ಇಪ್ಪತ್ತೆರಡು ವರ್ಷ ಕಾಯ್ದವನು ಅವನು. ಸೋಮವಾರ ಕ್ಲಬ್ಬಿನ ಕಟ್ಟಡ ಕೆಡವುತ್ತಾರೆ. ನಗರ ಕಚೇರಿಯ ಒಡೆಸ್ಸಾ ಪ್ರೂಯಿಟ್ ‘ಉಳಿಸತಕ್ಕದ್ದು’ ಎಂದು ಬರೆದರೆ ಮಾತ್ರ ಉಳಿಯುತ್ತದೆ. ಆಕೆ ಅಲ್ಲಿಗೆ ಬಂದು ಅರ್ಧ ಗಂಟೆಯಾಗಿತ್ತು; ಪುಸ್ತಕದ ಹಾಳೆ ಇನ್ನೂ ಖಾಲಿ.

“ಇಲ್ಲೊಬ್ಬ ಡ್ರಮ್ ಬಾರಿಸೋನಿದ್ದ. ಅವನು ಶುರು ಹಚ್ಕೊಂಡ್ರೆ ಮಹಡಿ ಮೇಲಿನವರ ಹಾಲೆಲ್ಲ ಬೆಣ್ಣೆ ಆಗ್ತಿತ್ತು.”

“ಟಾಲಿವರ್ ಅವ್ರೇ, ನಂಗೆ ಸಾಕ್ಷಿ ಬೇಕು. ಬೆಣ್ಣೆ ಅಲ್ಲ.”

“ತಿಂದವ್ರೆಲ್ಲ ಸತ್ತೋದ್ರು. ನಾನೇನ್ಮಾಡ್ಲಿ?”

ಹೊರಗೆ ಲಾರಿಯಿಂದ ಕೆಡವುವವರ ಕಬ್ಬಿಣದ ಕಂಬಗಳು ದಡಬಡ ಇಳಿಯುತ್ತಿದ್ದವು. ಟಾಲಿವರನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ನಿಜ ಹೇಳಿದರೆ ಸಪ್ಪೆಯಾದೀತೆಂಬ ಭಯ ಅವನಿಗೆ ಹುಟ್ಟಿನಿಂದಲೂ ಇತ್ತು. ಈಗ ಬೇರೆ ದಾರಿ ಕಾಣದೆ ನಿಜವನ್ನೇ ಹೇಳಿದ.

“ಆಗೆಲ್ಲ ಪೊಲೀಸ್ರು ಕೊಡೋ ಕಾರ್ಡ್ ಇಲ್ದೆ ಕ್ಲಬ್ಬಲ್ಲಿ ಯಾರೂ ನುಡಿಸೋ ಹಾಗಿರ್ಲಿಲ್ಲ. ನಮ್ಮ ಸ್ಯಾಕ್ಸೊಫೋನ್ ನುಡಿಸೋ ಎಲ್ವುಡ್‌ನ ಕಾರ್ಡ್ ಕಿತ್ಕೊಂಡ್ರು. ಪಕ್ಕದಲ್ಲಿ ಕ್ಷೌರದಂಗಡಿ ಇತ್ತು. ಕ್ಷೌರದಂಗಡೀಲಿ ನುಡಿಸ್ಬಾರ್ದು ಅಂತ ಯಾವ ಕಾನೂನಿದೆ? ಬ್ಯಾಂಡಿನವ್ರು ಗೋಡೆ ಕೊರೆದ್ರು. ಅವನು ಅಲ್ಲಿ ಕುರ್ಚೀಲಿ ಕೂತು, ವಾದ್ಯದ ಬಾಯಿ ತೂತಿಗಿಟ್ಟು, ಹನ್ನೊಂದು ತಿಂಗಳು ನುಡಿಸ್ದ. ಬ್ಯಾಂಡು ಈ ಕಡೆ, ಚಪ್ಪಾಳೆ ಈ ಕಡೆ, ಮನುಷ್ಯ ಆ ಕಡೆ.”

“ಬೆಣ್ಣೆಗಿಂತ ಚೆನ್ನಾಗಿದೆ,” ಎಂದು ಒಡೆಸ್ಸಾ ಪೆನ್ಸಿಲನ್ನು ಚೀಲಕ್ಕೆ ಹಾಕಿದಳು. “ಎಲ್ಲಿ ತೂತು?”

“ಗೊತ್ತಿಲ್ಲ ತಾಯಿ.” ಆ ಮಾತು ಅವನ ಬಾಯಿಂದ ಬಂದದ್ದು ಅಂದೇ ಮೊದಲು. “ಗೋಡೆಗೆಲ್ಲ ಬಣ್ಣದ ಕಾಗದ ಅಂಟಿಸ್ಬಿಟ್ಟಿದಾರೆ. ನಾನು ಬಾಗಿಲಲ್ಲಿ, ಕೋಟುಗಳ ಮಧ್ಯ ಇರ್ತಿದ್ದೆ. ಕೇಳಿದ್ದಷ್ಟೇ. ಆ ಅಂಗಡೀಲಿ ಈಗ ಮೀನು ಕರೀತಾರೆ.”

ಒಡೆಸ್ಸಾ ಪುಸ್ತಕ ಮುಚ್ಚಿದಳು. ಟಾಲಿವರ್ ಅವಳ ಮುಂದೆ ಬಂದು ನಿಂತ. ನಿಜವನ್ನು ನಂಬಿ ಕೆಟ್ಟೆ ಅನ್ನಿಸಿ, ಹಳೇ ದಾರಿಗೇ ಹೊರಳಿದ.

“ಪೂರ್ತಿ ಕೇಳೀಮ್ಮಾ! ಒಂದಿನ ಇನ್‌ಸ್ಪೆಕ್ಟರ್ ಬಂದ. ನೋಡ್ತಾನೆ, ಗೋಡೆ ಹಾಡ್ತಿದೆ! ‘ಏಯ್, ನಿನ್ನ ಕಾರ್ಡ್ ತೋರ್ಸು’ ಅಂದ ಗೋಡೆಗೆ…”

ಪಕ್ಕದಂಗಡಿಯವರು ಮಧ್ಯಾಹ್ನದ ಮೊದಲ ಮೀನನ್ನು ಎಣ್ಣೆಗೆ ಬಿಟ್ಟಿರಬೇಕು. ಒಡೆಸ್ಸಾ ಮೂಗೆತ್ತಿದಳು. ಬಾಗಿಲ ಕಡೆ ತಿರುಗಿದಳು, ವಾಸನೆ ಅಲ್ಲಿಂದಲ್ಲ.

“…ಆಗ ಗೋಡೆ ಏನಂತು ಗೊತ್ತಾ? ‘ಸಾರ್, ನಾನಿಲ್ಲಿ ಕೆಲಸಕ್ಕಿಲ್ಲ, ಬರೀ ಮಹಡಿ ಹೊತ್ಕೊಂಡು ನಿಂತಿದೀನಿ, ಕಾರ್ಡ್ ಬೇಕಿದ್ರೆ ನಮ್ಮ—’”

ಒಡೆಸ್ಸಾ ಎದ್ದು, ಮೂಸುತ್ತ, ವೇದಿಕೆಯ ಹಿಂದಿನ ಗೋಡೆಯ ಕಡೆ ನಡೆದೇಬಿಟ್ಟಳು. ಕಾಗದದ ಮೇಲೆ ಬೆರಳಿಟ್ಟು ಒತ್ತಿದಳು. ಬೆರಳು ಒಳಗೆ ಹೋಯಿತು.