ಹೊಳೆ ದಾಟಿದ ದೊಡ್ಡಮ್ಮ

ಅಂಗಳದಲ್ಲಿ ಒನಕೆಯ ಸದ್ದು ನಿಂತಿರಲಿಲ್ಲ. ಕುಟ್ಟುತ್ತಿದ್ದುದು ಉಜುನ್ವಾಳ ಮನೆಯ ಗೆಣಸು, ಕುಟ್ಟುತ್ತಿದ್ದವರು ಅವಳ ತಾಯಿಯ ತವರಿನ ಹೆಣ್ಣುಮಕ್ಕಳು. ಮನೆತನಕ್ಕೆ ಯಾರಾದರೂ ಕೆಟ್ಟ ಹೆಸರು ತಂದರೆ ಈ ಹೆಂಗಸರು ದಂಡು ಕಟ್ಟಿಕೊಂಡು ಬಂದು ಅಂಗಳದಲ್ಲೇ ಬೀಡುಬಿಡುತ್ತಾರೆ. ತಪ್ಪೊಪ್ಪಿಕೊಳ್ಳುವವರೆಗೆ ಅವರದೇ ಅಡುಗೆ, ಅವರದೇ ಊಟ, ಖರ್ಚು ಮಾತ್ರ ಮನೆಯವರದು. ಬೆಳಗಿನಿಂದ ಉಜುನ್ವಾ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಅವಳು ಬರೆದ ಕಾದಂಬರಿಯ ಹಾಳೆಗಳು ಸಂಜೆಯ ಲಾರಿಯಲ್ಲಿ ಲಾಗೋಸಿನ ಪ್ರಕಾಶಕರಿಗೆ ಹೋಗಬೇಕಿತ್ತು. ಆ ಸೀಮೆಯ ಹೆಂಗಸೊಬ್ಬಳು ಕಾದಂಬರಿ ಬರೆದದ್ದು ಅದೇ ಮೊದಲು. ಟೈಪ್ ಮಾಡಿದವನ ಬಾಯಲ್ಲಿ ಕಥೆ ನಿಲ್ಲದೆ ಊರೆಲ್ಲ ಸುತ್ತಿತ್ತು.

"ಏನೇ ಟೀಚರಮ್ಮ, ಉಪ್ಪು ಎಲ್ಲಿಟ್ಟಿದ್ದೀಯ?" ಎಂದಳು ಗುಂಪಿನ ಹಿರಿಯಳಾದ ಅಡಾಕು. "ಮನೆ ಮಾನ ಮಾರೋಕೆ ಗೊತ್ತು, ಅಡುಗೆಮನೇಲಿ ಉಪ್ಪು ಇಡೋಕೆ ಗೊತ್ತಿಲ್ಲ."

ಅವರ ಸಿಟ್ಟೆಲ್ಲ ಕಾದಂಬರಿಯ ನಾಯಕಿಯ ಮೇಲೆ. ಕಥೆಯಲ್ಲಿ ಗಂಡುಮಕ್ಕಳಿಲ್ಲದ ತಂದೆ ವಂಶ ಉಳಿಯಲೆಂದು ಹಿರಿಮಗಳನ್ನು ಮದುವೆ ಮಾಡಿಕೊಡದೆ ಮನೆಯಲ್ಲೇ ಉಳಿಸಿಕೊಂಡು, ಅವಳು ಹೆರುವ ಮಕ್ಕಳಿಗೆ ತನ್ನ ಹೆಸರು ಕೊಡುತ್ತಾನೆ. ಅದು ದೊಡ್ಡಮ್ಮ ಓಜಿಯುಗೊಳ ಬಾಳೇ ಎಂದು ಯಾರಿಗೆ ತಾನೇ ಗೊತ್ತಿಲ್ಲ? ದೊಡ್ಡಮ್ಮನೂ ಬಂದಿದ್ದಳು. ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತವಳು ಇನ್ನೂ ತುಟಿ ಬಿಚ್ಚಿರಲಿಲ್ಲ. ಅಡಾಕುವಿನ ಬಾಯಿಗಿಂತ ಆ ಮೌನಕ್ಕೇ ಉಜುನ್ವಾ ಹೆದರಿದ್ದಳು. ದೊಡ್ಡಮ್ಮ ಬೇಡವೆಂದರೆ ಹಾಳೆಗಳು ಒಲೆಗೇ ಹೋಗಬೇಕು; ಎತ್ತಿ ಆಡಿಸಿದವಳ ಮಾತು ಮೀರುವ ಧೈರ್ಯ ಅವಳಿಗಿರಲಿಲ್ಲ.

"ಓದು, ಕೇಳೋಣ," ಎಂದಳು ಅಡಾಕು.

ಇಂಗ್ಲಿಷಿನಲ್ಲಿ ಬರೆದದ್ದನ್ನು ಉಜುನ್ವಾ ಮನೆಮಾತಿಗೆ ತಿರುಗಿಸುತ್ತ ಓದಿದಳು. ಕೊನೆಯಲ್ಲಿ ನಾಯಕಿ ತಂದೆಯ ಮನೆ ಬಿಟ್ಟು, ತನಗೆ ಬೇಕಾದವನ ಊರಿಗೆ ನೈಜರ್ ಹೊಳೆ ದಾಟಿ ಹೋಗುತ್ತಾಳೆ.

"ಹಸೀ ಸುಳ್ಳು," ಎಂದು ಅಡಾಕು ಒನಕೆ ಕೆಳಗಿಟ್ಟಳು. "ಓಜಿಯುಗೊ ಎಲ್ಲಿಗೆ ಹೋದ್ಲೇ? ಅಪ್ಪನ ಮಾತಿಗೆ ಕಟ್ಟುಬಿದ್ದು ಇಲ್ಲೇ ಮುದುಕಿಯಾದ್ಲು."

"ಹೌದು, ಹೋಗ್ಲಿಲ್ಲ," ಎಂದಳು ದೊಡ್ಡಮ್ಮ. ಎಲ್ಲರೂ ಅವಳತ್ತ ತಿರುಗಿದರು. "ದೋಣಿ ಹತ್ತಿದ್ದು ಇನ್ನೊಂದ್ಸಲ ಓದು ಮಗಾ."

ಉಜುನ್ವಾ ಓದಿದಳು.

"ಅವರಪ್ಪ ಕರೀಲಿಲ್ವಾ?"

"ದಡದಲ್ಲಿ ನಿಂತು ಕರೆದ, ದೊಡ್ಡಮ್ಮ."

"ತಿರುಗಿ ನೋಡಿದ್ಲಾ?"

"ಇಲ್ಲ."

ದೊಡ್ಡಮ್ಮ ಹೆಂಗಸರ ಕಡೆ ಕೈಬೀಸಿ, "ಪಾತ್ರೆ ತೊಳೆದಿಟ್ಟು ಹೊರಡ್ರೇ," ಎಂದಳು. "ಮಾನ ಹೋದ್ರೆ ನಂದು ತಾನೇ? ಹೋಗ್ಲಿ ಬಿಡಿ."

ಅವರು ಗೊಣಗುತ್ತಲೇ ಎದ್ದರು. ಹೋದ ಜೀವ ಬಂದಂತಾಗಿ ಉಜುನ್ವಾ ಹಾಳೆಗಳನ್ನು ಜೋಡಿಸಿ, ಕಟ್ಟಲು ದಾರ ತಂದಳು.

"ದೋಣಿ ಎಲ್ಲಿದೆ ಇದ್ರಲ್ಲಿ?" ಎಂದು ಕೇಳಿದಳು ಅಕ್ಷರ ಬಾರದ ದೊಡ್ಡಮ್ಮ.

ಉಜುನ್ವಾ ಕೊನೆಯ ಹಾಳೆ ತೆಗೆದು ಸಾಲು ತೋರಿಸಿದಳು. ದೊಡ್ಡಮ್ಮ ಅದರ ಮೇಲೆ ಬೆರಳಿಟ್ಟಳು, ಇಟ್ಟವಳು ತೆಗೆಯಲಿಲ್ಲ. ಉಜುನ್ವಾ ದಾರ ಹಿಡಿದು ಪಕ್ಕದಲ್ಲಿ ನಿಂತೇ ಇದ್ದಳು.