ತಂತಿ ಸುತ್ತಿದ ಕಂಬಿ

“ಲೇ ದರಿದ್ರ ಮುಂಡೇವಾ, ಓದೋಕೆ ಕರೆಸಿದೀನಾ ನಿಮ್ಮನ್ನ? ಮಡಿಸ್ರೇ!”

ಬೈಂಡಿಂಗ್ ಶೆಡ್ಡಿಗೆ ಯಜಮಾನ ಕಾಲಿಟ್ಟದ್ದೇ ಹೀಗೆ. ಅತ್ತೆಯ ಪಕ್ಕ ಕೂತು ಸೊಸೆ ಗಟ್ಟಿಯಾಗಿ ಓದುತ್ತಿದ್ದ ಹಾಳೆಯನ್ನು ಕಿತ್ತು ಅವಳ ಮುಖಕ್ಕೇ ಎಸೆದ. ಹನ್ನೊಂದು ಹೆಂಗಸರೂ ತಲೆ ತಗ್ಗಿಸಿ ಅಚ್ಚಾದ ಹಾಳೆಗಳ ಫಾರಂ ಮಡಿಸತೊಡಗಿದರು. ಮಡಿಸುತ್ತಿದ್ದದ್ದು ಕೂಲಿಗಳ ಹೋರಾಟದ ಒಂದು ಕಾದಂಬರಿ. ಸಂಜೆಗೆ ಬಿಡುಗಡೆ, ಮಧ್ಯಾಹ್ನದೊಳಗೆ ಸಾವಿರ ಪ್ರತಿ ಆಗಬೇಕು.

“ಅತ್ತೆ, ಇದ್ರಲ್ಲಿ ನೀವೇ ಇದೀರ,” ಸೊಸೆ ಪಿಸುಗುಟ್ಟಿದಳು. “ಕಟಿಂಗ್ ಮಷೀನಿಗೆ ಎರಡು ಬೆರಳು ಕೊಟ್ಟೋಳು. ಆಮೇಲೆ ಎಲ್ರೂ ಕೆಲಸ ನಿಲ್ಲಿಸಿ ಮಷೀನಿಗೆ ಕೈ ಕಾಯೋ ಕಂಬಿ ಹಾಕಿಸ್ತಾರೆ.”

ಎಲ್ಲರೂ ಅಕ್ಕ ಎಂದೇ ಕರೆಯುವ ಆ ಅತ್ತೆಗೆ ನಗು ಬಂತು. ಬರೆದವನು ಹೋದ ವರ್ಷ ಬಂದು, ಅವಳ ಮೋಟುಗೈ ಹಿಡಿದು ನೋಡಿ, ಕಣ್ಣೊರೆಸಿಕೊಂಡು ಹೋಗಿದ್ದ, ಪಾಪ.

“ಪುಸ್ತಕದಲ್ಲಿ ಹಾಕಿಸಿದ್ನಾ ಪುಣ್ಯಾತ್ಮ! ಇಲ್ಲಿ ನೋಡು.”

ಇಲ್ಲಿ, ಕೈ ಒಳಗಿದ್ದರೆ ಅಲಗು ಇಳಿಯದಂತೆ ತಡೆಯುವ ಕಂಬಿಯನ್ನು ತಂತಿ ಸುತ್ತಿ ಮೇಲಕ್ಕೆ ಕಟ್ಟಿದ್ದರು. ಅದಿದ್ದರೆ ಕೆಲಸ ಸಾಗುವುದಿಲ್ಲವಂತೆ.

“ಕಟಿಂಗಿನವನು ಬಂದಿಲ್ಲ. ಏಯ್ ಓದೋಳೇ, ನಿಂತ್ಕೋ ಅಲ್ಲಿ!” ಯಜಮಾನ ಮಷೀನಿನತ್ತ ಕೈ ತೋರಿದ.

ಸೊಸೆ ಎದ್ದು ಹೋಗಿ ಮಷೀನಿನ ಮುಂದೆ ನಿಂತಳು. ಆ ಮಷೀನನ್ನು ಅವಳು ಒಮ್ಮೆಯೂ ಮುಟ್ಟಿದವಳಲ್ಲ. ಅಕ್ಕ ಕೂತಲ್ಲೇ ಕೈ ಮುಗಿದಳು.

“ಯಜಮಾನ್ರೆ, ತಂತಿ ಬಿಚ್ಸಿ, ನಿಮ್ಮ ಕಾಲಿಗೆ ಬೀಳ್ತೀನಿ. ಕಲೀದಿರೋ ಕೈ ಅದು.”

“ಹತ್ತು ಬೆರಳಿದಾವಲ್ಲ, ಒಂದು ಹೋದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?” ಯಜಮಾನ ಹಲ್ಲು ಕಿರಿದ. “ನಿನ್ನ ಹಾಗೆ ಅವಳೂ ಕಾದಂಬರಿಗೆ ಸೇರ್ತಾಳೆ ಬಿಡು.”

ಸೊಸೆ ಪುಸ್ತಕದ ಕಟ್ಟನ್ನು ಒಳಗೆ ತಳ್ಳಿ ಪೆಡಲ್ ತುಳಿದಳು. ಅಲಗು ದಡ್ಡನೆ ಇಳಿಯಿತು. ಕೂದಲೆಳೆಯ ಅಂತರದಲ್ಲಿ ಉಗುರು ಉಳಿಯಿತು.

ಅಕ್ಕ ಎದ್ದಳು. ಸೊಸೆಯನ್ನು ಪಕ್ಕಕ್ಕೆ ಸರಿಸಿ, ತನ್ನ ಮೂರು ಬೆರಳಿನ ಕೈಯನ್ನು ಅಲಗಿನಡಿ ಚಾಚಿದಳು.

“ಪೆಡಲ್ ನೀವೇ ತುಳೀರಿ ಯಜಮಾನ್ರೆ. ಇನ್ನೂ ಮೂರಿದಾವೆ.”

“ಕೈ ತೆಗಿಯೇ, ಹುಚ್ಚು ಮುಂಡೆ!”

“ನೀವು ತಂತಿ ಬಿಚ್ರಿ. ತೆಗೀತೀನಿ.”

ಮೂಲೆಯಲ್ಲಿ ಅಂಟು ಬಳಿಯುತ್ತಿದ್ದ ಮುದುಕಿ ಮಂಡಿ ಹಿಡಿದುಕೊಂಡು ಎದ್ದು ಬಂದು, ತನ್ನ ಕೈಯನ್ನೂ ಪಕ್ಕದಲ್ಲಿಟ್ಟಳು. ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು. ಜಾಗ ಸಾಲದೆ ಕೈ ಮೇಲೆ ಕೈ ಬಿತ್ತು.

ಮೋಟಾರು ಗುಂಯ್ಗುಡುತ್ತಲೇ ಇತ್ತು. ಪುಸ್ತಕ ಒಯ್ಯಲು ಬಂದ ಗಾಡಿ ಹೊರಗೆ ಹಾರನ್ ಹೊಡೆಯಿತು. ಯಜಮಾನ ತಂತಿಯನ್ನು ನೋಡಿದ, ಗಡಿಯಾರವನ್ನು ನೋಡಿದ. ಬೆವರು ಒರೆಸಿಕೊಂಡು ಪೆಡಲಿನ ಹತ್ತಿರ ಬಂದು ನಿಂತ.

ಯಾರೂ ಕೈ ತೆಗೆಯಲಿಲ್ಲ.