ಕೆಂಪುಕಲ್ಲು ಹೊತ್ತ ಪಿಕಪ್

ನಾನು ಒಂದು ಪಿಕಪ್ ಗಾಡಿ. ಹುಟ್ಟಿದಾಗಲೇ ಕಾರ್ಖಾನೆಯವರು ನನ್ನನ್ನು ತೂಗಿದರು. ನನ್ನ ಮೈಭಾರ ಎಷ್ಟು, ಹೊರೆ ಸೇರಿದರೆ ಒಟ್ಟು ಎಷ್ಟರವರೆಗೆ ಹೋಗಬಹುದು ಎಂದು ತಗಡಿನ ಮೇಲೆ ಕೊರೆದು ಬಾಗಿಲ ಸಂದಿಗೆ ಬಡಿದರು. ಒಟ್ಟಿನಲ್ಲಿ ಮೈಭಾರ ಕಳೆದರೆ ಉಳಿದದ್ದು ಹನ್ನೆರಡು ಕ್ವಿಂಟಾಲ್. ಸಾಮಾನು, ಚಾಲಕ, ಅವನ ಬುತ್ತಿ, ಮೇಲೆ ಕುಳಿತವರು, ಎಲ್ಲರೂ ಅದರೊಳಗೇ ಬರಬೇಕು.

ಮೊದಲ ಯಜಮಾನರು ಬೇಕರಿಯ ಡಾಲ್ಫಿ ಡಿಸೋಜರು. ಬ್ರೆಡ್ಡಿನ ಟ್ರೇಗಳು ಬೆನ್ನಿಗೆ ತಿಳಿಯುತ್ತಲೇ ಇರಲಿಲ್ಲ, ಮೂಗಿಗಷ್ಟೇ ತಿಳಿಯುತ್ತಿದ್ದವು. ಆಗ ನಾನು ನನ್ನನ್ನು ಏಳು ಕಡಲು ದಾಟುವ ರಾಜಕುಮಾರನ ಕುದುರೆ ಎಂದೇ ತಿಳಿದಿದ್ದೆ.

ಬೇಕರಿ ಮುಚ್ಚಿತು. ಸಂಜೀವ ನನ್ನನ್ನು ಕೊಂಡು ಕೆಂಪುಕಲ್ಲಿನ ಕೋರೆಗೆ ಇಳಿಸಿದ. ನಲವತ್ತು ಕಲ್ಲಿಗೇ ನನ್ನ ಹೊಟ್ಟೆ ತುಂಬುತ್ತಿತ್ತು; ಅವನು ಎಂಬತ್ತು ಹೇರಿದ. ನನ್ನ ಹಿಂಭಾಗ ಕುಸಿದು ಮುಖ ಆಕಾಶ ನೋಡಿತು. ಅವನು ಕಲ್ಲು ಇಳಿಸಲಿಲ್ಲ, ಗ್ಯಾರೇಜಿಗೆ ಒಯ್ದು ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಹಾಕಿಸಿದ. ಕೋರೆಯ ಗಾಡಿಗಳಿಗೆಲ್ಲ ಅದೊಂದೇ ಮದ್ದು.

"ಈಗ ನೋಡು, ಮದುಮಗನ ಹಾಗೆ ನೆಟ್ಟಗೆ ನಿಂತಿದೆ!"

ಬೆನ್ನು ಬಾಗದಿದ್ದರೆ ಭಾರವೇ ಇಲ್ಲ ಎಂದು ಅವನ ಎಣಿಕೆ. ಆದರೆ ನನ್ನ ಅಚ್ಚು, ಟಯರು, ಬ್ರೇಕು ಎಲ್ಲವೂ ಹನ್ನೆರಡು ಕ್ವಿಂಟಾಲಿನವೇ ಆಗಿ ಉಳಿದವು.

ಕಲ್ಲಿನ ಮೇಲೆ ಕುಳಿತು ಬರುತ್ತಿದ್ದವನು ಜಯಕರ, ಸಂಜೀವನ ಹೆಂಡತಿ ಗಿರಿಜೆಯ ತಮ್ಮ. ನನ್ನ ಸಂಕಟ ತಿಳಿದದ್ದು ಅವನೊಬ್ಬನಿಗೆ.

"ಭಾವ, ಇಳಿಜಾರಿನಲ್ಲಿ ಬ್ರೇಕ್ ಸುಟ್ಟ ವಾಸನೆ ಬರ್ತದೆ. ಅರ್ಧ ಇಳಿಸುವ, ಎರಡು ಸಲ ಹೋಗುವ."

"ಡೀಸೆಲ್ ನಿನ್ನ ಅಜ್ಜ ಹಾಕ್ತಾನಾ ಮಾರಾಯ? ಹತ್ತು ಹತ್ತು. ಕಲ್ಲಿಗಿಂತ ನೀನೇ ಭಾರ!"

ಜಯಕರ ನಕ್ಕು ಹತ್ತಿದ.

ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಸಂಜೀವ ಬ್ರೇಕ್ ಒತ್ತಿದ. ಜೀವ ಬಿಗಿಹಿಡಿದು ನಿಲ್ಲಲು ನೋಡಿದೆ. ಕಾದ ಬ್ರೇಕು ಕೈಕೊಟ್ಟಿತು. ತಿರುವಿನಲ್ಲಿ ಹೋಗಿ ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿದೆ. ಕಲ್ಲುಗಳು ಮುಂದಕ್ಕೆ ಉರುಳಿದವು, ಅವುಗಳ ಜೊತೆ ಜಯಕರನೂ. ಸಂಜೀವನಿಗೆ ತುಟಿ ಒಡೆಯಿತು. ಜಯಕರನ ಬಲಗಾಲನ್ನು ಮೊಣಕಾಲಿನವರೆಗೆ ಕತ್ತರಿಸಬೇಕಾಯಿತು.

ಈಗ ಪೊಲೀಸ್ ಠಾಣೆಯ ಹಿಂದೆ, ತುಕ್ಕು ಹಿಡಿದ ಬೈಕುಗಳ ನಡುವೆ ನಿಂತಿದ್ದೇನೆ. ಮೊನ್ನೆ ಅವರು ಬಂದಿದ್ದರು. ಊರುಗೋಲಿನ ಜಯಕರ, ಹಿಂದೆ ಸಂಜೀವ, ಮಗುವನ್ನು ಎತ್ತಿಕೊಂಡ ಗಿರಿಜೆ.

"ಸತ್ಯ ಹೇಳು. ಲೋಡ್ ಜಾಸ್ತಿ ಇತ್ತಾ?" ಪೊಲೀಸಿನವರು ಕೇಳಿದರು.

ಜಯಕರ ಅಕ್ಕನ ಮುಖ ನೋಡಿದ. ಅವಳು ಮಗುವಿನ ತಲೆ ಸವರುತ್ತಾ ನೆಲ ನೋಡುತ್ತಿದ್ದಳು.

"ಇಲ್ಲ ಸರ್. ಭಾವನದ್ದೇನೂ ತಪ್ಪಿಲ್ಲ. ಗಾಡಿಯೇ ಹಾಳು."

ಸಂಜೀವ ದೊಡ್ಡದೊಂದು ಉಸಿರು ಬಿಟ್ಟ. ಹೋಗುವಾಗ ಜಯಕರ ನನ್ನ ಕಡೆ ತಿರುಗಲಿಲ್ಲ.

ಹೊತ್ತದ್ದನ್ನೆಲ್ಲ ನಾನು ಯಾರದೋ ಅಂಗಳದಲ್ಲಿ ಇಳಿಸಿ ಬಂದಿದ್ದೇನೆ. ಆ ಒಂದು ಮಾತನ್ನು ಅವನು ಎಲ್ಲಿ ಇಳಿಸಿಯಾನು?